ಲೀಲಾಬಾಯಿ ಕೈ ಬಿಡದ ಫೋಲ್ಡರು

ಗಜೇಂದ್ರಗಡದ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಜಹೀರ ಒಂದು ಮುಂಜಾನೆಯನ್ನು ಕೈಕಟ್ಟಿ ಕುಳಿತೇ ಕಳೆದ. ಅವನ ಮುಂದಿನ ಕಂಪ್ಯೂಟರಿನಲ್ಲಿ ‘ಲಗ್ನಪತ್ರಿಕೆ’ ಎಂಬ ಫೋಲ್ಡರು ಇತ್ತು. ಅದರ ಚಿತ್ರದ ಕೆಳಗೆ ಒಂದು ಪುಟ್ಟ ಕೈ, ತಾಟು ಹಿಡಿದ ಹಾಗೆ ಅದನ್ನು ಹಿಡಿದುಕೊಂಡಿತ್ತು. ಆಚೆ ಮೇಜಿನ ಲೀಲಾಬಾಯಿಯವರು ತಮ್ಮ ಕಂಪ್ಯೂಟರಿನಿಂದ ಅದನ್ನು ಹಿಡಿದಿದ್ದಾರೆ, ಹಿರಿಯರು ಬಿಟ್ಟ ಮೇಲೆ ತಾನು ಮುಟ್ಟಬೇಕು ಎಂದು ಅವನು ತಿಳಿದ.

“ಯಾಕೋ ತಮ್ಮಾ, ಸುಮ್ನ ಕೂತೀ?” ಎಂದು ಲೀಲಾಬಾಯಿ ಕೇಳಿದರು.

“ನೀವು ಕೈ ಬಿಡಲಿ ಅಂತ ಕಾಯಾಕತ್ತೇನ್ರಿ ಬಾಯಾರ.”

ಲೀಲಾಬಾಯಿ ಎದ್ದು ಬಂದು, ಚಾಳೀಸು ಒರೆಸಿಕೊಂಡು ಪರದೆ ನೋಡಿದರು. “ಆ ಕೈ ನಂದಲ್ಲೋ. ನನ್ನ ಕೈಯಾಗ ಬಳಿ ಅವ.”

ಆ ಕೈ ಇದ್ದರೆ ಫೋಲ್ಡರು ಇಬ್ಬರಿಗೂ ಸೇರಿದ್ದು ಎಂದರ್ಥ, ಯಾರೂ ಕಾಯಬೇಕಾಗಿಲ್ಲ ಎಂದು ಅವರೇ ತಿಳಿಸಿಕೊಟ್ಟರು. ಜಹೀರನ ಕಂಪ್ಯೂಟರ್ ಡಿಪ್ಲೊಮಾಕ್ಕೆ ಮನೆಯಲ್ಲಿ ಗಾಜಿನ ಚೌಕಟ್ಟು ಹಾಕಿಸಿದ್ದರು. ಅದರಿಂದ ಗೋಡೆಗೆ ಆದಷ್ಟು ಉಪಯೋಗ ಅವನಿಗೆ ಆಗಿರಲಿಲ್ಲ.

ಲೀಲಾಬಾಯಿ ರೋಣದವರು. ಮದುವೆಗೆ ಮೊದಲು ನರಗುಂದದಲ್ಲಿ ಟೈಪಿಂಗ್ ಕಲಿತವರು. ಪ್ರೆಸ್ಸು ಕಟ್ಟಿದ ಮದರಸಾಬರ ಕಾಲದಲ್ಲಿ ಅಚ್ಚುಮೊಳೆ ಜೋಡಿಸಲು ಬಂದು, ಅವರ ಮಗ ಸಲಾವುದ್ದೀನ ಸಾವಕಾರರ ಕಾಲಕ್ಕೆ ಕಂಪ್ಯೂಟರಿನ ಮುಂದೆ ಕುಳಿತಿದ್ದರು. ಹಳೆಯ ಟೈಪ್‌ರೈಟರಿನ ಪೆಟ್ಟು ಮಾತ್ರ ಬೆರಳಿನಿಂದ ಹೋಗಿರಲಿಲ್ಲ. ಅವರ ಕೀಬೋರ್ಡಿನ ಸದ್ದು ಎದುರಿನ ಕಿರಾಣಿ ಅಂಗಡಿಯವರೆಗೆ ಕೇಳುತ್ತಿತ್ತು. ದಿನಾ ರೋಣದ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಮಧ್ಯಾಹ್ನ ಎಲ್ಲರೂ ಉಣ್ಣಲು ಮನೆಗೆ ಹೋದ ಮೇಲೆ ತಾವೊಬ್ಬರೇ ಕಿಟಕಿಯ ಬೆಳಕಿಗೆ ಕುಳಿತು ಡಬ್ಬಿ ಬಿಚ್ಚುತ್ತಿದ್ದರು.

ಲಗ್ನಪತ್ರಿಕೆ ಬರೆಸಲು ಬಂದವರು ಅವರಿಗೆ ಸ್ವಲ್ಪ ಅಂಜುತ್ತಿದ್ದರು. ನಿಕಾಹದ ಪತ್ರಿಕೆಯಿರಲಿ, ಅಕ್ಷತೆಯ ಪತ್ರಿಕೆಯಿರಲಿ, ಹೆಸರುಗಳನ್ನೆಲ್ಲ ಒಮ್ಮೆ ಗಟ್ಟಿಯಾಗಿ ಓದಿ, ಕೊನೆಗೆ ತಲೆ ಎತ್ತುತ್ತಿದ್ದರು.

“ದೊಡ್ಡ ಕಾಕಾನ ಹೆಸರಿಲ್ಲ. ಮರ್ತೀರೋ, ಜಗಳಾನೋ? ಮರ್ತಿದ್ರ ಈಗ ಹೇಳ್ರಿ. ಜಗಳಿದ್ರ ಮುಂದ ಹೋಗೋಣು.”

ಜಕ್ಕಲಿಯ ಒಂದು ಮನೆತನದವರು ಇದೇ ಪ್ರಶ್ನೆಗೆ ಪ್ರೆಸ್ಸಿನ ಕಟ್ಟೆಯ ಮೇಲೆ ಅರ್ಧ ದಿನ ವಾದ ಮಾಡಿ, ಕಾಕಾನನ್ನು ಸೇರಿಸಿ ಹೋಗಿದ್ದರು. ಲೀಲಾಬಾಯಿ ಬರೆದ ಪತ್ರಿಕೆ ತಪ್ಪಾಯಿತೆಂದು ತಿರುಗಿ ಬಂದದ್ದಿಲ್ಲ.

ಎರಡು ಸಾವಿರದ ಎಂಟರಲ್ಲಿ, ಚಳಿ ಮುಗಿದು ಬಿಸಿಲು ಏರುವ ಹೊತ್ತಿಗೆ, ಅವರ ಗಂಡ ಪ್ರಾಣೇಶರಾಯರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಅರ್ಧ ಉಳಿಯಿತು. ಅವರನ್ನು ಬಿಟ್ಟು ಲೀಲಾಬಾಯಿ ಗಜೇಂದ್ರಗಡಕ್ಕೆ ಬರುವಂತಿರಲಿಲ್ಲ. ಪಗಾರ ನಿಂತರೆ ಮನೆ ನಡೆಯುವಂತೆಯೂ ಇರಲಿಲ್ಲ. ಲಗ್ನದ ದಿನಗಳು ಹತ್ತಿರವಾಗಿದ್ದವು.

“ಮನ್ಯಾಗ ಕುಂತು ಮಾಡೂ ಹಂಗಿದ್ರ ಮಾಡ್ಲಿ. ಬರೂ ಶುಕ್ರವಾರದ ತನಕಾ ದಾರಿ ನೋಡೂನು. ಆಗಲಿಲ್ಲಂದ್ರ ನರಗುಂದದಾಗ ಒಬ್ಬಾಕಿ ಹುಡುಗಿ ಅದಾಳ, ಕರಸ್ತೀನಿ” ಎಂದರು ಸಲಾವುದ್ದೀನ.

“ಅದೇನ್ ದೊಡ್ಡ ಕೆಲಸಲ್ರಿ ಸಾವಕಾರ” ಎಂದ ಜಹೀರ. ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುವ ಒಂದು ಪ್ರೋಗ್ರಾಮನ್ನು ಎರಡೂ ಕಡೆ ಹಾಕಿದರೆ, ಇಲ್ಲಿಯ ಪರದೆ ಅಲ್ಲಿ ಕಾಣುತ್ತದೆ, ಅಲ್ಲಿಂದಲೇ ಫೋಲ್ಡರು ತೆಗೆದು ಬರೆಯಬಹುದು ಎಂದು ಅವನು ಒಂದು ಪೇಪರಿನಲ್ಲಿ ಓದಿದ್ದ. ಓದಿದ್ದೇ ಮಾಡಿದ ಹಾಗೆ ಎಂದು ಅವನ ಲೆಕ್ಕ.

ಲೀಲಾಬಾಯಿಯವರ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ರೋಣಕ್ಕೆ ಒಯ್ದ. ಕಂಡಕ್ಟರು ಅದು ಕೂಸೋ ಸಾಮಾನೋ ಎಂದು ಕೇಳಿದ. ಮನೆಗೆ ಇಂಟರ್ನೆಟ್ ಹಾಕಿಸಿದ್ದಾಯಿತು. ತೊಡಕು ಒಂದೇ: ಪ್ರೆಸ್ಸಿನಲ್ಲಿ ಈಗ ಉಳಿದದ್ದು ಜಹೀರನ ಒಂದೇ ಕಂಪ್ಯೂಟರು, ಪತ್ರಿಕೆಗಳೆಲ್ಲ ಇದ್ದದ್ದೂ ಅದರಲ್ಲೇ. ಅದರ ಮುಂದೆ ಅವನು ಕುಳಿತಿರುವಾಗ ಲೀಲಾಬಾಯಿ ಅಲ್ಲಿಂದ ಅದನ್ನು ಹಿಡಿದರೆ, ಒಂದೇ ಎತ್ತನ್ನು ಇಬ್ಬರು ಎರಡು ಕಡೆ ಎಳೆದಂತೆ. ಆದ್ದರಿಂದ ಪ್ರೆಸ್ಸು ಊಟಕ್ಕೆ ಮುಚ್ಚಿದಾಗ ಅವರು ಬರೆಯುವುದು ಎಂದಾಯಿತು. ಪ್ರಾಣೇಶರಾಯರು ಮಲಗುವ ಹೊತ್ತೂ ಅದೇ.

ಪ್ರೆಸ್ಸಿನ ಬೀಗದ ಕೈ ಮಷೀನು ನಡೆಸುವ ಗ್ಯಾನಪ್ಪನ ಹತ್ತಿರ ಇರುತ್ತಿತ್ತು. “ಕಾಕಾ, ಊಟಕ್ಕ ಹೋಗೂ ಮುಂದ ನನ್ನ ಕಂಪ್ಯೂಟರ್ ಬಂದ್ ಮಾಡಬ್ಯಾಡ್ರಿ” ಎಂದು ಜಹೀರ ಹೇಳಿದ.

“ನಾ ಯಾಕ ಬಂದ್ ಮಾಡ್ಲಿ? ಬಂದ ಕೂಡ್ಲೆ ಚಾಲೂ ಮಾಡೂ ಮನಿಷ್ಯಾ ನಾ” ಎಂದ ಗ್ಯಾನಪ್ಪ. ಜಹೀರನಿಗೆ ಸಮಾಧಾನವಾಯಿತು.

ಸೋಮವಾರ, ಮೊದಲ ದಿನ, ರೋಣದಲ್ಲಿ ಗಜೇಂದ್ರಗಡದ ಪರದೆ ಲೀಲಾಬಾಯಿಯವರ ಪಡಸಾಲೆಯಲ್ಲಿ ಮೂಡಿತು. ಕೈ ಹಿಡಿದ ಫೋಲ್ಡರೂ ಕಂಡಿತು. ಪ್ರಾಣೇಶರಾಯರು ಮಂಚದಿಂದ ಕತ್ತು ಚಾಚಿ ನೋಡಿದರು. ಲೀಲಾಬಾಯಿ ವಧುವಿನ ಹೆಸರು ಬರೆದು, ವರನ ಹೆಸರಿಗೆ ಬರುವಷ್ಟರಲ್ಲಿ ಪರದೆ ಸತ್ತಿತು.

ಜಹೀರ ವೈರು ಜಗ್ಗಿದ, ಇಂಟರ್ನೆಟ್ಟಿನ ಪೆಟ್ಟಿಗೆ ಬಡಿದ. ಪ್ರೆಸ್ಸಿಗೆ ಫೋನ್ ಮಾಡಿದರೆ ಗಂಟೆ ಹೊಡೆಯಿತು, ಎತ್ತುವವರಿಲ್ಲ. ಲೀಲಾಬಾಯಿ ಗೋಡೆಯ ಗಡಿಯಾರ ನೋಡಿದರು.

“ಮೊದಲ ಉಣ್ಣು” ಎಂದರು.

ಇಳಿಹೊತ್ತಿಗೆ ಸಾವಕಾರರು ಫೋನ್ ಎತ್ತಿದರು. “ಚಾಲೂನ ಐತೆಲ್ಲೋ. ನನ್ನ ಕಣ್ಮುಂದ ಐತಿ.” ರೋಣದಲ್ಲಿ ನೋಡಿದರೆ, ಹೌದು, ಪರದೆ ಬಂದಿತ್ತು.

ಮರುದಿನ ಹೊಸ ವೈರು ತಂದ. ಅದೇ ಕಥೆ. ಸ್ವಲ್ಪ ಹೊತ್ತು ಚಲೋ ನಡೆದು, ಊಟದ ಹೊತ್ತಿಗೆ ಸಾಯುತ್ತಿತ್ತು. ಯಾರಾದರೂ ಪ್ರೆಸ್ಸಿನಲ್ಲಿದ್ದು ನೋಡಿದರೆ ಬದುಕಿರುತ್ತಿತ್ತು. ಪಾಸ್‌ವರ್ಡ್ ಬದಲಿಸಿದ. ಟೆಲಿಫೋನ್ ಆಫೀಸಿಗೆ ಹೋಗಿ ಬೈಸಿಕೊಂಡ. ಪ್ರಾಣೇಶರಾಯರ ಫ್ಯಾನಿನ ಮೇಲೆ ಸಂಶಯಪಟ್ಟು ಅದನ್ನು ನಿಲ್ಲಿಸಿ ನೋಡಿದ. ಅವರು ಬೆವರುತ್ತ, ಸೆಟೆಯದ ಅರ್ಧ ಬಾಯಲ್ಲಿ ನಕ್ಕರು.

“ಕಂಪ್ಯೂಟರೂ... ಉಣ್ಣಲಿಕ್ಕೆ... ಹೋಗ್ತದೇನು?” ಎಂದರು ತಡೆತಡೆದು.

“ನೀವು ಸುಮ್ನ ಮಲ್ಕೋರಿ” ಎಂದರು ಲೀಲಾಬಾಯಿ, ಹೊದಿಕೆ ಸರಿಮಾಡುತ್ತ.

ಗುರುವಾರ ಜಹೀರ ಬಸ್‌ಸ್ಟ್ಯಾಂಡಿಗೆ ಹೋದ ಮೇಲೆ, ಬೇಕಾದ ಸಿ.ಡಿ. ಮೇಜಿನ ಮೇಲೇ ಉಳಿದದ್ದು ನೆನಪಾಯಿತು. ತಿರುಗಿ ಓಡಿ ಬಂದಾಗ ಗ್ಯಾನಪ್ಪ ಬಾಗಿಲು ಹಾಕುವುದರಲ್ಲಿದ್ದ. ಹಸಿವಾದ ಕೂಡಲೇ ಎಲ್ಲರಿಗಿಂತ ಮೊದಲು ಮನೆಗೆ ಓಡುವ ಜಹೀರ, ಪ್ರೆಸ್ಸು ಮುಚ್ಚುವುದನ್ನು ಅಂದೇ ಮೊದಲು ನೋಡಿದ್ದು. ಗ್ಯಾನಪ್ಪ ಅಚ್ಚಿನ ಮಷೀನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಬಾಗಿಲ ಬದಿಯ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದ. ಫ್ಯಾನು ನಿಂತಿತು. ಕಂಪ್ಯೂಟರಿನ ಕೆಳಗಿದ್ದ ಬ್ಯಾಟರಿ ಪೆಟ್ಟಿಗೆ ಮಾತ್ರ ಕೂಂಯ್ ಎನ್ನುತ್ತ, ತನ್ನಲ್ಲಿದ್ದಷ್ಟು ಕರೆಂಟು ಕೊಡತೊಡಗಿತು.

“ಏನ್ ಮಾಡಾಕತ್ತೀರಿ ಕಾಕಾ?”

“ಮಷೀನಿಗೆ ಊಟದ ಹೊತ್ತು. ಮಂದಿ ಉಣ್ಣೂ ಮುಂದ ಮಷೀನ್ ದಣೀಬಾರದು ಅಂತ ಮದರಸಾಬರ ಕಟ್ಟಳೆ. ಮೋಟಾರು ಸುಟ್ಟ ವರ್ಷದಿಂದ ಹಿಂಗ.”

“ನಾ ಕಂಪ್ಯೂಟರ್ ಬಂದ್ ಮಾಡಬ್ಯಾಡ್ರಿ ಅಂದಿದ್ನೆಲ್ರಿ.”

“ಎಲ್ಲಿ ಮಾಡೇನಿ? ನೋಡು, ಇನ್ನೂ ಉರಿಯಾಕತ್ತೈತಿ.”

ಅವರಿಬ್ಬರೂ ನೋಡುತ್ತಿದ್ದಂತೆಯೇ ಅದು ಆರಿತು. ಜಹೀರ ಕಟ್ಟೆಯ ಮೇಲೆ ಕುಳಿತುಬಿಟ್ಟ. ವೈರು, ಪಾಸ್‌ವರ್ಡು, ಟೆಲಿಫೋನ್ ಆಫೀಸು, ಫ್ಯಾನು, ಎಲ್ಲವೂ ಒಂದೊಂದಾಗಿ ನೆನಪಾಗಿ ಅವನ ಕಿವಿ ಬಿಸಿಯಾದವು.

ಜಹೀರ ಸಾವಕಾರರಿಗೆ ಹೇಳಿದ. “ಅಪ್ಪನ ಮಾತದು. ಮೇನ್ ತಗೀದ ಬಾಗ್ಲಾ ಹಾಕಿದ್ದ ಇಲ್ಲ” ಎಂದರು. ಬರೆಯದೆ ಉಳಿದ ಪತ್ರಿಕೆಗಳ ರಾಶಿ ನೋಡಿದರು. ಲೀಲಾಬಾಯಿಯವರ ಖಾಲಿ ಮೇಜು ನೋಡಿದರು. ಕಡೆಗೆ, ವಾರವೆಲ್ಲ ಬಸ್ಸಿನ ಧೂಳು ತಿಂದ ಜಹೀರನ ಮುಖ ನೋಡಿ ಅವರಿಗೆ ನಗು ಬಂತು.

“ಇಷ್ಟ್ ಅಡ್ಡಾಡಿ ಬಿಟ್ಟೀ. ಈಗ ಆಗೂದಿಲ್ಲ ಅಂದ್ರ ಹ್ಯಾಂಗ? ವೈರ್‌ಮನ್‌ನ ಕರಸು. ಮಷೀನಿಗೆ ಬ್ಯಾರೆ ಸ್ವಿಚ್ ಹಾಕ್ಲಿ, ಅದು ಮಲಗ್ಲಿ. ಕಂಪ್ಯೂಟರ್ ಅಪ್ಪನ ಕಾಲದಾಗ ಇದ್ದಿದ್ದಿಲ್ಲ. ಅದಕ್ಕ ಕಟ್ಟಳೆ ಇಲ್ಲ.”

ಶುಕ್ರವಾರ ರೋಣದ ಪಡಸಾಲೆಯಲ್ಲಿ ಪರದೆ ಊಟದ ಹೊತ್ತು ಕಳೆದರೂ ಸಾಯಲಿಲ್ಲ. ಲೀಲಾಬಾಯಿ ವರನ ಹೆಸರು ಬರೆದರು, ತಂದೆತಾಯಿಗಳನ್ನು ಬರೆದರು, ಕಾಕಾಗಳಿಗೆ ಬಂದರು. ಕೀಬೋರ್ಡಿನ ಸದ್ದಿಗೆ ಪ್ರಾಣೇಶರಾಯರಿಗೆ ನಿದ್ದೆ ಹತ್ತಿತ್ತು. ಜಹೀರ ಮೇನ್ ಸ್ವಿಚ್ಚಿನ ಕಥೆಯನ್ನು ತನ್ನ ಪತ್ತೇದಾರಿಕೆಗೆ ಒಂದಿಷ್ಟು ಬಣ್ಣ ಹಚ್ಚಿಯೇ ಹೇಳಿದ. ಲೀಲಾಬಾಯಿ ತಲೆ ಎತ್ತಲಿಲ್ಲ, ಆಶ್ಚರ್ಯಪಡಲೂ ಇಲ್ಲ. ಆಗ ಅವನಿಗೆ ಅವರು ಡಬ್ಬಿ ಬಿಚ್ಚುತ್ತಿದ್ದ ಪ್ರೆಸ್ಸಿನ ಕಿಟಕಿ ನೆನಪಾಯಿತು. ಲೈಟು ಇರುವ ಕೋಣೆಯಲ್ಲಿ ಯಾರಾದರೂ ಯಾಕೆ ಕಿಟಕಿಯ ಬೆಳಕಿಗೆ ಕುಳಿತು ಉಣ್ಣುತ್ತಾರೆ?

ಕೇಳಲೋ ಬೇಡವೋ ಎಂದು ತೊಳಲಾಡಿ, ಕೇಳಿಯೇಬಿಟ್ಟ. “ಬಾಯಾರ, ಗ್ಯಾನಪ್ಪ ಕಾಕಾ ದಿನಾ ಮೇನ್ ತಗೀತಿದ್ದದ್ದು ನಿಮಗ ಮೊದಲ ಗೊತ್ತಿತ್ತೇನ್ರಿ?”

ಲೀಲಾಬಾಯಿ ಕಡೆಯ ಕಾಕಾನ ಹೆಸರು ಮುಗಿಸಿದರು.

“ಗೊತ್ತಿತ್ತು. ಸೋಮವಾರನ ಹೇಳಿದ್ರ ಸಾವಕಾರ್ರು ಅಪ್ಪನ ಕಟ್ಟಳೆ ಅಂತಿದ್ರು, ಮಂಗಳವಾರ ನರಗುಂದದ ಹುಡುಗಿ ಬಂದು ಕೂಡತಿದ್ಲು. ನೀ ನಾಕ್ ದಿನಾ ಅಡ್ಡಾಡಿದ ಮ್ಯಾಲ ಅವರಿಗೆ ಇಲ್ಲ ಅನ್ಲಿಕ್ಕೆ ಬಾಯಿ ಬರಲಿಲ್ಲ.”