ಜ್ವರ ಇಟ್ಟುಕೊಂಡು ಹೋದ ಹೆರಿಗೆ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪುತ್ತೂರು ಕಡೆಯ ಸವಣೂರಿನ ಆಚೆ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ಮಿಡ್‌ವೈಫ್ ಆಗಿದ್ದೆ. ಆಗ ನನಗೆ ಇಪ್ಪತ್ತಾರು ವರ್ಷ. ಕೇಂದ್ರ ಎಂದರೆ ಹಂಚಿನ ಮಾಡಿನ ಎರಡು ಕೋಣೆ, ಹಿಂದೆ ನಾನಿರುವುದಕ್ಕೆ ಒಂದು ಕೋಣೆ. ಒಬ್ಬರು ಡಾಕ್ಟರು, ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕುವವರು ಒಬ್ಬರು, ಒಬ್ಬಳು ಆಯಾ, ಮತ್ತೆ ನಾನು. ನನ್ನ ಜೊತೆಗೆ ಇನ್ನೊಬ್ಬಳು ಮಿಡ್‌ವೈಫ್ ಬರಬೇಕಿತ್ತು. ಬರುತ್ತಾಳೆ ಎಂದು ಎರಡು ವರ್ಷದಿಂದ ಹೇಳುತ್ತಲೇ ಇದ್ದರು.

ಆ ಬೇಸಗೆಯಲ್ಲಿ ಸಿಡುಬು ಬಂತು. ಮೊದಲು ಒಂದು ಮನೆ, ಆಮೇಲೆ ಗುಡ್ಡೆಯ ಆಚೆ ಬದಿಯ ಇನ್ನೊಂದು ಮನೆ. ಜನ ಅದರ ಹೆಸರು ಹೇಳುತ್ತಿರಲಿಲ್ಲ, "ಆ ಬೇನೆ" ಎನ್ನುತ್ತಿದ್ದರು. ಹೆರಿಗೆ ಮಾಡಿಸುವುದಲ್ಲದೆ ಮನೆಮನೆಗೆ ಹೋಗಿ ಹೆಂಗಸರನ್ನು ದಾಕಿಗೆ ಒಪ್ಪಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಗಂಡಸರು ಬಂದು ಕೈ ಹಿಡಿಯುತ್ತಾರೆಂದು ಹೆಂಗಸರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಹಿಂದಿನ ಬಾಗಿಲಿನಿಂದ ಹೋಗಿ ಮಾತಾಡಿಸಬೇಕು. ಬೆಳಿಗ್ಗೆ ಏಳಕ್ಕೆ ಹೊರಟರೆ ಗೇರುಮರದ ಗುಡ್ಡೆ ಹತ್ತಿ, ಒಣಗಿದ ತೋಡು ದಾಟಿ, ಮತ್ತೊಂದು ಗುಡ್ಡೆ ಹತ್ತಿ, ಮೂರು ಗಂಟೆಗೆ ಎಲ್ಲಾದರೂ ಒಂದು ಲೋಟ ಗಂಜಿತಿಳಿ ಸಿಕ್ಕಿದರೆ ಆ ದಿನದ ಊಟ ಆಯಿತು. ಚಪ್ಪಲಿಯ ಬಾರು ಎರಡು ಸಲ ಕಿತ್ತುಹೋಯಿತು. ಸಂಜೆ ಕೋಣೆಗೆ ಬಂದರೆ ಸೀರೆ ಬದಲಾಯಿಸುವುದಕ್ಕೂ ಮೈ ಬಾರದೆ ಹಾಗೇ ಗೋಡೆಗೆ ಒರಗಿ ಕೂತುಬಿಡುತ್ತಿದ್ದೆ.

ಹೀಗೆ ಓಡಾಡುವ ನಾವೆಲ್ಲರೂ ಮೊದಲು ಹೊಸದಾಗಿ ದಾಕು ಹಾಕಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು. ನನಗೆ ಎಳವೆಯಲ್ಲಿ ಹಾಕಿದ ದಾಕಿನ ಕಲೆ ತೋಳಿನಲ್ಲಿ ಇತ್ತು. ತರಬೇತಿಯ ಕಾಲದಲ್ಲಿ ಇನ್ನೊಮ್ಮೆ ಹಾಕಿಸಲು ಹೋಗಿ ಕೈ ಊದಿ, ಕಂಕುಳಲ್ಲಿ ಗಂಟು ಬಂದು, ನಾಲ್ಕು ದಿನ ಮಲಗಿದ್ದೆ. ಅದನ್ನು ನೆನೆದರೆ ಹೆದರಿಕೆಗಿಂತ ಹೆಚ್ಚು ಬೇಸರ. ನಾಲ್ಕು ದಿನ ಮಲಗಿದರೆ ನನ್ನ ಕೆಲಸ ಮಾಡುವವರು ಯಾರು? "ಬರುವ ಸೋಮವಾರ ಹಾಕಿ" ಎಂದು ದಾಕಿನವರಿಗೆ ಹೇಳಿದೆ. ಆ ಸೋಮವಾರ ಒಂದು ಹೆರಿಗೆ ಇತ್ತು. ಮತ್ತಿನ ಸೋಮವಾರ ನಾನಾಗಿಯೇ ತಪ್ಪಿಸಿಕೊಂಡೆ.

ದಾಕಿನವರು ಐವತ್ತು ದಾಟಿದ ಸಾಧು ಮನುಷ್ಯರು. ಒಂದು ದಿನ ತಮ್ಮ ಪುಸ್ತಕ ತೆಗೆದು ನನ್ನ ಹೆಸರಿನ ಎದುರು ಗುರುತು ಹಾಕಿದರು. "ಕೇಳಿದರೆ ಹಾಕಿದೆ ಅಂತ ಹೇಳ್ತೇನೆ ಮಾರಾಯ್ರೆ. ನಿಮ್ಮ ಮುಖ ನೋಡುವಾಗ ಪಾಪ ಕಾಣ್ತದೆ. ಪುರುಸೊತ್ತು ಆದಾಗ ಹಾಕುವ" ಎಂದರು. ನಾನು ಬೇಡ ಎನ್ನಲಿಲ್ಲ.

ಆಮೇಲಿನ ದಿನಗಳಲ್ಲಿ ಮನೆಮನೆಗೆ ಹೋಗಿ, ತೋಳು ಮೇಲೆತ್ತಿ ಎಳವೆಯ ಆ ಕಲೆಯನ್ನೇ ತೋರಿಸುತ್ತಿದ್ದೆ. "ಎಂತದೂ ಆಗುದಿಲ್ಲ. ನೋಡಿ, ನಾನೂ ಹಾಕಿಸಿದ್ದೇನೆ" ಎನ್ನುತ್ತಿದ್ದೆ. ಎಷ್ಟು ಮನೆಯಲ್ಲಿ ಹೇಳಿದೆನೋ ಲೆಕ್ಕವಿಲ್ಲ. ಹೇಳಿ ಹೇಳಿ ಅದು ಸುಳ್ಳೆಂಬುದು ನನಗೂ ಮರೆತಂತಾಗಿತ್ತು.

ಕಾಣಿಯೂರಿನ ಕಡೆಯ ಒಂದು ಬೇಸಾಯಗಾರರ ಮನೆಯಲ್ಲೂ ಹಾಗೆಯೇ ಹೇಳಿದ್ದೆ. ಅತ್ತೆ, ಮಗ, ತುಂಬು ಬಸುರಿ ಸೊಸೆ, ಇಷ್ಟೇ ಜನ. ಅವರವರೊಳಗೆ ಮನೆಮಾತು ಅರೆಭಾಷೆ, ನನ್ನ ಹತ್ತಿರ ಕನ್ನಡ. ಅತ್ತೆ ಗಟ್ಟಿ ಹೆಂಗಸು, ನಾನು ದೊಡ್ಡಮ್ಮ ಎಂದು ಕರೆಯುತ್ತಿದ್ದೆ. ನನ್ನ ತೋಳಿನ ಕಲೆಯನ್ನು ಬಗ್ಗಿ ನೋಡಿ, "ನಿಮ್ಮ ಮಾತಿನಲ್ಲಿ ನಂಬಿಕೆ ಉಂಟು ನರ್ಸಮ್ಮ. ಆದರೆ ಇವಳ ಹೆರಿಗೆ ಒಂದು ಆಗಲಿ. ಮತ್ತೆ ನೋಡುವ" ಎಂದರು. ಅಲ್ಲಿಗೆ ಬಿಟ್ಟು ಬಂದೆ.

ಎರಡು ವಾರ ಕಳೆದು ನನಗೆ ಜ್ವರ ಬಂತು. ಸೊಂಟದಿಂದ ಮೇಲೆ ಬೆನ್ನು ಸೀಳಿದ ಹಾಗೆ ನೋವು. ನಡೆದು ನಡೆದು ಹೀಗಾಯಿತೆಂದುಕೊಂಡೆ. ಮೂರನೆಯ ದಿನ ಜ್ವರ ಸ್ವಲ್ಪ ಇಳಿದ ಹಾಗಿತ್ತು. ಮುಖ ತೊಳೆಯುವಾಗ ಹಣೆಯಲ್ಲಿ ನಾಲ್ಕೈದು, ಮಣಿಕಟ್ಟಿನಲ್ಲಿ ಎರಡು ಗುಳ್ಳೆ ಕೈಗೆ ಸಿಕ್ಕವು. ಸೆಕೆಗುಳ್ಳೆ ಎಂದು ಮನಸ್ಸಿಗೆ ಹೇಳಿದೆ. ನನ್ನ ಮನಸ್ಸು ಅದನ್ನು ಪೂರ್ತಿ ಒಪ್ಪಿತ್ತು ಎಂದು ಇವತ್ತೂ ಹೇಳಲಾರೆ. ಕನ್ನಡಿ ಕೈಯಳತೆಯಲ್ಲೇ ಇತ್ತು, ತೆಗೆದು ನೋಡಲಿಲ್ಲ.

ಅಷ್ಟರಲ್ಲಿ ಕಾಣಿಯೂರಿನ ಮನೆಯ ಮಗ ಓಡಿ ಬಂದ.

"ನರ್ಸಮ್ಮ, ಬೇಗ ಬನ್ನಿ. ನಿನ್ನೆಯಿಂದ ನೋವು. ಅಮ್ಮ ಕರ್ಕೊಂಡು ಬಾ ಅಂದಿದ್ದಾರೆ."

ಡಾಕ್ಟರು ಪುತ್ತೂರಿಗೆ ಹೋಗಿದ್ದರು. ನಾನು ಚೀಲ ಹಿಡಿದು ಹೊರಟೆ. ಬಸ್ಸಿನಲ್ಲಿ ಕಿಟಕಿಯ ಸರಳಿಗೆ ತಲೆ ಆನಿಸಿ ಕೂತದ್ದು ನೆನಪಿದೆ. ಇಳಿದ ಮೇಲೆ ಮುಕ್ಕಾಲು ಗಂಟೆ ನಡೆದದ್ದು ನೆನಪಿಲ್ಲ.

ಕಷ್ಟದ ಹೆರಿಗೆ. ಮಧ್ಯಾಹ್ನ ಎರಡೂವರೆಗೆ ಮಗು ಹುಟ್ಟಿತು, ಹೆಣ್ಣು. ಕೂಡಲೇ ಅಳಲಿಲ್ಲ. ಬಾಯಿ ಒರೆಸಿ, ಊದಿ, ಪಾದಕ್ಕೆ ತಟ್ಟಿ, ಕೊನೆಗೆ ಅದು ಅತ್ತಾಗ ನನಗೂ ಅಳು ಬಂತು. ಸಂತೋಷದಿಂದ ಅಲ್ಲ, ಇನ್ನು ಕೂರಬಹುದಲ್ಲ ಎಂದು. ನನ್ನ ಅವಸ್ಥೆ ನೋಡಿ ದೊಡ್ಡಮ್ಮ ತಮ್ಮ ಚಾಪೆಯನ್ನೇ ಹಾಸಿದರು. "ಮಲಗಿ ಒಂದು ಗಳಿಗೆ" ಎಂದು, ಬೇಡವೆಂದರೂ ಕೇಳದೆ, ಬಿಸಿ ಎಣ್ಣೆ ತಂದು ನನ್ನ ಬೆನ್ನು ತಿಕ್ಕಿದರು. ತಿಂಗಳುಗಳಿಂದ ಯಾರೂ ನನ್ನನ್ನು ಹಾಗೆ ಮುಟ್ಟಿರಲಿಲ್ಲ. ನಾನು ಮಲಗಿಯೇ ಇದ್ದೆ.

ಮರುದಿನ ಬೆಳಿಗ್ಗೆ ಕೋಣೆಯಲ್ಲಿ ಕನ್ನಡಿ ತೆಗೆದು ನೋಡಿದೆ. ಹಣೆಯ ಗುಳ್ಳೆಗಳನ್ನು ಬೆರಳಿನಿಂದ ಒತ್ತಿದೆ. ಚರ್ಮದ ಒಳಗೆ ಕಾಳು ಹೂತಿಟ್ಟ ಹಾಗೆ ಗಟ್ಟಿ. ಸೆಕೆಗುಳ್ಳೆ ಹಾಗಿರುವುದಿಲ್ಲ. ಎಳವೆಯ ದಾಕಿನ ಬಲ ಸ್ವಲ್ಪ ಉಳಿದಿದ್ದರಿಂದ ನನಗೆ ಬಂದದ್ದು ಹಗುರವಾದ ಸಿಡುಬು, ಅಷ್ಟೇ ವ್ಯತ್ಯಾಸ. ಅದು ನನಗೆ ಹಗುರ. ನಾನು ಮುಟ್ಟಿದವರಿಗೂ ಹಗುರವಾಗಬೇಕೆಂದಿಲ್ಲ.

ತುಂಬಾ ಹೊತ್ತು ಕೂತೆ. ಏನೂ ಹೇಳದೆ ಊರಿಗೆ ರಜೆಯಲ್ಲಿ ಹೋಗಿಬಿಡಬಹುದು ಎಂದೂ ಯೋಚನೆ ಬಂತು. ಗುಳ್ಳೆ ಹತ್ತೋ ಹನ್ನೆರಡೋ, ಸೆರಗಿನಲ್ಲಿ ಮುಚ್ಚಿಹೋಗುತ್ತಿತ್ತು. ಆದರೆ ರೋಗಿಯನ್ನು ಮುಟ್ಟಿದ ಎರಡು ಮೂರು ದಿನದೊಳಗೆ ದಾಕು ಹಾಕಿದರೆ ಉಳಿಸಬಹುದು ಎಂದು ನನಗೇ ಪಾಠ ಮಾಡಿದ್ದರು. ಆ ಮನೆಗೆ ಆಗಲೇ ಒಂದು ದಿನ ಕಳೆದಿತ್ತು.

ಬಾಗಿಲು ತೆರೆಯದೆ ಆಯಾಳನ್ನು ಕೂಗಿ ಡಾಕ್ಟರನ್ನು ಕರೆಸಿದೆ. ಅವರು ಕಿಟಕಿಯ ಹೊರಗೆ ನಿಂತು ನನ್ನ ಹಣೆ ನೋಡಿದರು.

"ದಾಕು ಹಾಕಿಸಿಕೊಂಡಿದ್ದೀರಿ ಅಲ್ಲವೇ? ಪುಸ್ತಕದಲ್ಲಿದೆ."

"ಇಲ್ಲ ಡಾಕ್ಟ್ರೇ. ಹಾಕಿಸಿಕೊಳ್ಳಲಿಲ್ಲ."

ಅವರು ಬಯ್ಯಲಿಲ್ಲ. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಅವರಿಗೂ ನಿದ್ದೆಯಾಗದೆ ಎಷ್ಟು ದಿನವಾಗಿತ್ತೋ. "ನಿನ್ನೆ ಎಲ್ಲಿಗೆ ಹೋಗಿದ್ದಿರಿ?" ಎಂದು ಕೇಳಿದರು. ಹೇಳಿದೆ. "ಹಸಿ ಬಾಣಂತಿ. ಮನೆಯವರು ಸೂಜಿ ಮುಟ್ಟಿಸಲು ಬಿಡುವುದಿಲ್ಲ" ಎಂದರು.

"ನಾನೇ ಹೇಳಿದೆ ಅಂತ ಹೇಳಿ. ಕಾಗದ ಕೊಡ್ತೇನೆ."

"ನೀವು ಮುಟ್ಟಿದ ಕಾಗದ ಅಲ್ಲಿಗೆ ಹೋಗಬಾರದು. ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ."

ಹಾಗೆ ಕಿಟಕಿಯ ಒಳಗಿನಿಂದ ನಾನು ಹೇಳಿದೆ, ಅವರು ಗೋಡೆಗೆ ಕಾಗದ ಒತ್ತಿ ಬರೆದರು. ನನಗೆ ಆ ಬೇನೆ ಇದೆ, ಅದನ್ನು ಇಟ್ಟುಕೊಂಡೇ ನಿಮ್ಮ ಮನೆಗೆ ಬಂದೆ, ದಾಕು ಹಾಕಿಸಿದ್ದೇನೆ ಎಂದು ನಿಮ್ಮ ಹತ್ತಿರ ಹೇಳಿದ್ದು ಸುಳ್ಳು. ಅಲ್ಲಿ ಅವರ ಪೆನ್ನು ನಿಂತಿತು.

"ಇದನ್ನೂ ಬರೆಯಬೇಕೇ?"

"ಬರೆಯಿರಿ. ಇಲ್ಲದಿದ್ದರೆ ದಾಕು ಹಾಕಿಸಿದವಳಿಗೇ ಬಂತಲ್ಲ, ಮತ್ತೆ ನಮಗೆ ಯಾಕೆ ಅಂತ ಕೇಳ್ತಾರೆ."

ಬರೆದರು. ಮಧ್ಯಾಹ್ನದ ಬಸ್ಸಿಗೆ ದಾಕಿನವರನ್ನು ಕರೆದುಕೊಂಡು ಹೋದರು.

ಸಂಜೆ ಬಂದು ಕಿಟಕಿಯಲ್ಲಿ ನಿಂತು ಎಲ್ಲ ಹೇಳಿದರು. ಕಾಗದ ಓದಿದಾಗ ಮಗ ಸಿಟ್ಟಿನಿಂದ ಎದ್ದನಂತೆ. ದೊಡ್ಡಮ್ಮ ಅವನನ್ನು ಕೂರಿಸಿ, "ಮಗುವಿಗೆ ಮೊದಲು ಹಾಕಿ" ಎಂದರಂತೆ. ಮಗುವಿಗೆ, ಬಾಣಂತಿಗೆ, ಮಗನಿಗೆ ಹಾಕಿದ್ದಾಯಿತು. ದೊಡ್ಡಮ್ಮ ಮಾತ್ರ ಒಪ್ಪಲಿಲ್ಲ. "ನನ್ನ ಕೈ ಊದಿದರೆ ಬಾಣಂತಿಯನ್ನು ಮೀಯಿಸುದು ಯಾರು? ಮಗುವಿಗೆ ಎಣ್ಣೆ ಹಚ್ಚುದು ಯಾರು? ಒಂದು ತಿಂಗಳು ಕಳೀಲಿ." ಡಾಕ್ಟರು ಎಷ್ಟು ಹೇಳಿದರೂ ಅಡಿಗೆ ಕೋಣೆಯಿಂದ ಹೊರಗೆ ಬರಲಿಲ್ಲವಂತೆ. ಡಾಕ್ಟರಿಗೆ ಇನ್ನೂ ಎರಡು ಮನೆ ಬಾಕಿಯಿತ್ತು, ಎದ್ದು ಬಂದರು.

ಕೇಳಿ ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ನಾನು ಸೋಮವಾರದಿಂದ ಸೋಮವಾರಕ್ಕೆ ಹೇಳಿದ ಮಾತನ್ನೇ ಅವರೂ ಹೇಳಿದ್ದರು.

ಮೂರು ವಾರ ಆ ಕೋಣೆಯಲ್ಲಿದ್ದೆ. ಆಯಾ ಬಾಗಿಲ ಹೊರಗೆ ಗಂಜಿ ಇಟ್ಟು ದೂರ ಹೋಗಿ ಕರೆಯುತ್ತಿದ್ದಳು. ಹನ್ನೆರಡನೆಯ ದಿನ ದೊಡ್ಡಮ್ಮನಿಗೆ ಜ್ವರ ಬಂದ ಸುದ್ದಿ ಹೇಳಿದಳು. ಆಮೇಲೆ ದಿನವೂ ಕೇಳುತ್ತಿದ್ದೆ. ಮೈ ತುಂಬಾ ಎದ್ದಿದೆಯಂತೆ. ನೀರು ನುಂಗಲಿಕ್ಕೂ ಆಗುವುದಿಲ್ಲವಂತೆ. ಬಾಣಂತಿಗೂ ಮಗುವಿಗೂ ಏನೂ ಆಗಲಿಲ್ಲವಂತೆ. ಡಾಕ್ಟರು ದಿನ ಬಿಟ್ಟು ದಿನ ಹೋಗಿ ಬಂದರು. ದೊಡ್ಡಮ್ಮ ಬದುಕಿದರು. ಎಡಗಣ್ಣು ಹೋಯಿತು.

ಡಾಕ್ಟರು ಮೇಲಿನವರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದರು. ನನಗೆ ಒಂದು ಎಚ್ಚರಿಕೆಯ ಪತ್ರ, ಸುಳ್ಯದ ಕಡೆಗೆ ವರ್ಗ. ಸುಳ್ಳು ಗುರುತು ಹಾಕಿದ ಕೈ ದಾಕಿನವರದ್ದಾದ್ದರಿಂದ ಅವರನ್ನು ಕೆಲಸದಿಂದ ಕೆಲವು ತಿಂಗಳು ಹೊರಗಿಟ್ಟರು. ನಾನು ಅವರ ಮನೆಗೆ ಹೋದೆ. ಅವರು ಕೂರಿಸಿ ಕಾಫಿ ಕೊಡಿಸಿದರು, ಮಗಳ ಶಾಲೆಯ ವಿಷಯ ಮಾತಾಡಿದರು. ಆ ವಿಷಯ ಎತ್ತಲು ಬಿಡಲೇ ಇಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ಸುಳ್ಯಕ್ಕೆ ಹೋಗುವ ಮೊದಲು ಕಾಣಿಯೂರಿನ ಆ ಮನೆಗೂ ಹೋದೆ. ಮಗ ನನ್ನನ್ನು ಕಂಡು ಗದ್ದೆಯ ಕಡೆ ಇಳಿದುಹೋದ. ದೊಡ್ಡಮ್ಮ ಚಾವಡಿಯಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದರು. ಮುಖವೆಲ್ಲ ಕಲೆ. ನಾನು ಅಂಗಳದಲ್ಲೇ ನಿಂತೆ.

"ಯಾರು? ನರ್ಸಮ್ಮನಾ? ಬನ್ನಿ, ಮೇಲೆ ಬನ್ನಿ."

"ದೊಡ್ಡಮ್ಮ, ನಾನು..." ಎಂದೆ.

"ಹೇಳಿದ್ದು ಒಳ್ಳೆದಾಯ್ತು" ಎಂದರು. "ಇಲ್ಲದಿದ್ದರೆ ಈ ಮಗು ಇರ್ತಿರಲಿಲ್ಲ ಅಂತ ಡಾಕ್ಟರು ಹೇಳಿದ್ರು. ಆದರೆ ಅವತ್ತು ಬಂದದ್ದು ಒಳ್ಳೆದಾಗಲಿಲ್ಲ. ಎರಡೂ ಹೇಳ್ತೇನೆ."

"ಹೌದು ದೊಡ್ಡಮ್ಮ."

ಅವರು ಮಗುವಿನ ಮೇಲೆ ಕೂತ ನೊಣ ಓಡಿಸಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ನಿಮಗೆ ಜ್ವರ ಇದ್ದದ್ದು ನನಗೆ ಗೊತ್ತಿತ್ತು. ಹೊಸ್ತಿಲು ದಾಟಿ ಬರುವಾಗ ಕೈ ಹಿಡಿದೆ ಅಲ್ವಾ, ಸುಡ್ತಾ ಇತ್ತು. ಎಂತ ಜ್ವರ ಅಂತ ಕೇಳ್ಬಹುದಿತ್ತು. ಕೇಳಿದರೆ ನೀವು ವಾಪಸು ಹೋಗ್ತೀರಿ ಅಂತ ಹೆದರಿಕೆ. ಸೊಸೆಯದ್ದು ಕಷ್ಟದಲ್ಲಿ ಉಂಟು. ಮತ್ತೆ ಯಾರನ್ನು ಕರೆಯುದು? ಅದಕ್ಕೆ ಬಾಯಿ ಮುಚ್ಚಿದೆ."

ನನ್ನ ಭಾರ ಕಡಿಮೆಯಾಗಲಿ ಎಂದೇ ಅವರು ಹೇಳಿದ್ದಿರಬಹುದು. ಆಗಲಿಲ್ಲ. ಅವರಿಗೆ ಇನ್ನೊಬ್ಬರನ್ನು ಕರೆಯುವ ದಾರಿ ಇರಲಿಲ್ಲ. ನನಗೆ ಕನ್ನಡಿ ನೋಡುವ ದಾರಿ ಇತ್ತು. ಹೀಗೆ ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ. ಸೊಸೆ ತಂದ ಬೆಲ್ಲ ತಿಂದು, ನೀರು ಕುಡಿದು ಬಂದೆ.

ಸುಳ್ಯದ ಕಡೆಯ ಹೊಸ ಜಾಗದಲ್ಲಿ ಸೇರಿದ ಮೊದಲ ದಿನವೇ ದಾಕು ಹಾಕಿಸಿಕೊಂಡೆ. ಕೈ ಊದಿತು. ಊದಿದ ಕೈಯಲ್ಲೇ ಕೆಲಸ ಮಾಡಿದೆ, ಹೆದರಿದಷ್ಟೇನೂ ಆಗಲಿಲ್ಲ.

ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಮರ್ಕಂಜದ ಕಡೆಯಿಂದ ಹೆರಿಗೆಗೆ ಕರೆಯಲು ಒಬ್ಬ ಗಂಡಸು ಬಂದ. ನನಗೆ ಬೆಳಿಗ್ಗೆಯಿಂದ ಜ್ವರ. ಥರ್ಮಾಮೀಟರು ಇಟ್ಟು ನೋಡಿ, ಬಾಗಿಲ ಒಳಗೇ ನಿಂತು ಹೇಳಿದೆ, "ನಾನು ಬರುದಿಲ್ಲ. ಜ್ವರ ಉಂಟು. ಊರಿನ ಸೂಲಗಿತ್ತಿಯನ್ನು ಕರೀರಿ. ಆಗದಿದ್ದರೆ ಜೀಪು ಮಾಡಿ ಪುತ್ತೂರಿಗೆ ಕರ್ಕೊಂಡು ಹೋಗಿ."

"ಸಣ್ಣ ಜ್ವರಕ್ಕೆ ಎಂತ ನರ್ಸಮ್ಮ? ಮಾತ್ರೆ ತೆಕ್ಕೊಂಡು ಬನ್ನಿ. ಅವಳು ಒದ್ದಾಡ್ತಾ ಇದ್ದಾಳೆ."

"ಬರುದಿಲ್ಲ."

ಅವನು ಕೈ ಮುಗಿದ, ಆಮೇಲೆ ಬಯ್ದ, ಆಮೇಲೆ ಓಡಿದ. ಸೂಲಗಿತ್ತಿಯೇ ಹೆರಿಗೆ ಮಾಡಿಸಿದಳು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ನಾನು ಹೋಗಿದ್ದರೆ ಉಳಿಯುತ್ತಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನನ್ನ ಜ್ವರ ಬರೀ ನೆಗಡಿಯದ್ದಾಗಿತ್ತು, ಮೂರನೆಯ ದಿನ ಬಿಟ್ಟುಹೋಯಿತು. ಆ ಮನೆಯವರು ಮತ್ತೆಂದೂ ನನ್ನನ್ನು ಕರೆಯಲಿಲ್ಲ. ದಾರಿಯಲ್ಲಿ ಸಿಕ್ಕಿದರೆ ಆ ಹೆಂಗಸು ಆಚೆ ಬದಿಗೆ ಸರಿದು ಹೋಗುತ್ತಿದ್ದಳು. ನಾನು ಚೀಲ ಹೆಗಲಿಗೇರಿಸಿ ಮುಂದಿನ ಮನೆಗೆ ನಡೆಯುತ್ತಿದ್ದೆ.