ಗ್ಯಾಲರಿಯ ಹಗ್ಗಗಳು

ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದು ಮೊದಲು ಹೇಳಿದವರು ಯಾರೋ ನೆನಪಿಲ್ಲ. ಯಾರೇ ಆಗಿರಲಿ, ಅವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮಂಥವರ ನೌಕರಿಯ ದಾರಿ ದಕ್ಷಿಣಕ್ಕೆ ತಿರುಗಿತು. ಅರವತ್ತರ ದಶಕದ ನಡುವಿನಲ್ಲಿ ನಾನು ತಿರುವನಂತಪುರದ ಒಂದು ಹಳೆಯ ಕಾಲೇಜಿಗೆ ಗಣಿತದ ಅಧ್ಯಾಪಕನಾಗಿ ಬಂದೆ. ಮಲಯಾಳ ಆಗ ಅರೆಬರೆ. ಇಂಗ್ಲಿಷೇ ನನ್ನ ಬಂಡವಾಳ, ಅದೇ ನನ್ನ ಜಂಬ.

ಕಾಲೇಜಿನ ಕಟ್ಟಡ ಮಹಾರಾಜರ ಕಾಲದ್ದು. ಅದರ ಗ್ಯಾಲರಿ ಹಾಲ್‌ನಲ್ಲಿ ಮರದ ಬೆಂಚುಗಳು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ್ದವು. ಗೋಡೆಯ ಎತ್ತರದಲ್ಲಿ ಇಪ್ಪತ್ತೆರಡು ಕಿಟಕಿಗಳು, ಒಂದೊಂದಕ್ಕೂ ಮರದ ಪಟ್ಟಿಗಳ ಕದ, ಒಂದೊಂದು ಕದದಿಂದಲೂ ಕೆಳಗಿಳಿದ ತೆಂಗಿನ ನಾರಿನ ಹಗ್ಗ. ಆ ಹಗ್ಗಗಳ ಉಸ್ತುವಾರಿ ನಲವತ್ತು ದಾಟಿದ ಒಬ್ಬ ಅಟೆಂಡರ್‌ದು. ಯಾವ ಗಂಟೆಗೆ ಯಾವ ಹಗ್ಗವನ್ನು ಎಷ್ಟು ಎಳೆದರೆ ಕರಿಹಲಗೆಗೆ ಬಿಸಿಲು ತಾಗದೆ ಬೆಳಕು ಮಾತ್ರ ಬೀಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮೋಡ ಮುಸುಕಿದರೆ ಪಾಠದ ನಡುವೆಯೇ ಸದ್ದಿಲ್ಲದೆ ಬಂದು ಎರಡು ಹಗ್ಗ ಸಡಿಲಿಸಿ ಹೋಗುತ್ತಿದ್ದರು. ಪ್ರತಿ ಪಾಠಕ್ಕೆ ಮೊದಲು ಬಾಗಿಲಲ್ಲಿ ನಿಂತು ಬೆಳಕು ಸಾಕೇ ಎಂದು ಅವರ ಭಾಷೆಯಲ್ಲಿ ಕೇಳುತ್ತಿದ್ದರು: "ವೆಳಿಚ್ಚಂ ಮದಿಯೋ ಸಾರೇ?" ಸಾಕು ಎಂದು ನಾನು ತಲೆಯಾಡಿಸುತ್ತಿದ್ದೆ. ವರ್ಷಗಟ್ಟಲೆ ನಮ್ಮ ನಡುವೆ ನಡೆದ ಮಾತು ಹೆಚ್ಚುಕಡಿಮೆ ಇಷ್ಟೇ.

ಆಮೇಲೆ ಹಳೆಯ ಕಟ್ಟಡವನ್ನು ಆಧುನಿಕ ಬೋಧನೆಗೆ ತಕ್ಕಂತೆ ಸುಧಾರಿಸಲು ಒಂದು ಸಮಿತಿ ಹುಟ್ಟಿಕೊಂಡಿತು. ಸ್ಲೈಡ್ ಪ್ರೊಜೆಕ್ಟರ್ ಬರುತ್ತದಂತೆ, ಮೈಕು ಬರುತ್ತದಂತೆ, ಟ್ಯೂಬ್‌ಲೈಟು ಬರುತ್ತದಂತೆ. ಹಾಲ್ ಬಳಸುವ ಅಧ್ಯಾಪಕರು ಅಭಿಪ್ರಾಯ ಬರೆದು ಕೊಡಬೇಕೆಂದು ಸುತ್ತೋಲೆ ಹೊರಟಿತು.

ಮರುದಿನ ಅಟೆಂಡರ್ ಸ್ಟಾಫ್ ರೂಮಿನ ಹೊರಗೆ ನನಗಾಗಿ ಕಾದಿದ್ದರು. ಅವರ ಮನೆ ಕಾಲೇಜಿನ ಹಿಂದಿನ ಓಣಿಯಲ್ಲಿತ್ತು. ಹೆಂಡತಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಮಧ್ಯಾಹ್ನ ಇವರೇ ಹೋಗಿ ಗಂಜಿ ಕುಡಿಸಿ ಬರಬೇಕು, ಬೇರೆ ಯಾರೂ ಇಲ್ಲ. ಕಿಟಕಿಗಳು ಉಳಿಯಲಿ ಬಿಡಲಿ, ತನ್ನನ್ನು ಇದೇ ಕಾಲೇಜಿನಲ್ಲಿ ಇಟ್ಟುಕೊಂಡರೆ ಸಾಕು, ಕಸ ಗುಡಿಸಲೂ ತಯಾರಿದ್ದೇನೆ ಎಂದರು. ಅಷ್ಟನ್ನು ನಾನು ಒಂದು ಗೆರೆಯಲ್ಲಿ ಬರೆಯಬೇಕಿತ್ತು.

ನಾನು ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಬೆಳಕನ್ನು ಅಳೆದು ಕೊಡುವ ಈ ಮನುಷ್ಯನಿಲ್ಲದೆ ಹಾಲ್ ಇಲ್ಲ ಎಂದು ಬರೆದೆ. ಒಮ್ಮೆ ಅವರು ಎರಡು ದಿನ ರಜೆ ಹಾಕಿದಾಗ ಹಗ್ಗಗಳ ಗುಟ್ಟು ಯಾರಿಗೂ ತಿಳಿಯದೆ ನಾವೆಲ್ಲ ಜಗಲಿಯಲ್ಲಿ ಪಾಠ ಮಾಡಬೇಕಾಯಿತು ಎಂದು ಬಣ್ಣ ಕಟ್ಟಿ ಬರೆದೆ. ಬರೆದದ್ದನ್ನು ನಾನೇ ಮೂರು ಸಲ ಓದಿಕೊಂಡು ಉಬ್ಬಿದೆ. ಅವರು ಕೇಳಿದ ಆ ಗೆರೆಯನ್ನು ಮಾತ್ರ ಬರೆಯಲಿಲ್ಲ. ಅಷ್ಟು ಹೊಗಳಿದ ಮೇಲೆ ಅದು ಬೇಡಿಕೊಂಡ ಹಾಗೆ ಕಾಣುತ್ತದೆ ಅನ್ನಿಸಿತ್ತು.

ತೀರ್ಮಾನ ನೋಟಿಸ್ ಬೋರ್ಡಿಗೆ ಬಂತು. ಒಬ್ಬ ನೌಕರ ರಜೆ ಹಾಕಿದರೆ ಪಾಠವೇ ಹೊರಗೆ ಬೀಳುವ ಸ್ಥಿತಿ ಇದೆಯೆಂದು ಅಧ್ಯಾಪಕರೇ ತಿಳಿಸಿದ್ದಾರೆ. ಆದ್ದರಿಂದ ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚತಕ್ಕದ್ದು, ಆ ಹುದ್ದೆಯನ್ನು ರದ್ದು ಮಾಡತಕ್ಕದ್ದು. ಅಟೆಂಡರನ್ನು ಇನ್ನೂರು ಕಿಲೋಮೀಟರ್ ದೂರದ ಕೊಚ್ಚಿಯಲ್ಲಿದ್ದ ಉತ್ತರಪತ್ರಿಕೆಗಳ ಉಗ್ರಾಣಕ್ಕೆ ವರ್ಗ ಮಾಡಿದ್ದರು. ನಾನು ಪ್ರಿನ್ಸಿಪಾಲರ ಹತ್ತಿರ ಓಡಿದೆ. ಹೇಳುವುದಿದ್ದರೆ ಇನ್ನೊಮ್ಮೆ ಬರೆದು ಕೊಡಿ ಎಂದರು. ಬರೆಯಲು ನನಗೆ ಧೈರ್ಯ ಬರಲಿಲ್ಲ.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ, ಚಾ ಲೋಟ ಮುಂದಿಟ್ಟು ಹೇಳಿದಳು: "ಅವರು ಕೇಳಿದ್ದು ಒಂದು ಗೆರೆ ಮಾರಾಯ್ರೆ. ನಿಮಗೆ ಎರಡು ಪುಟ ಎಂತಕ್ಕೆ ಬೇಕಿತ್ತು?" ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಹೊಸ ಹಾಲ್ ಉದ್ಘಾಟನೆಯಾಯಿತು. ತೇಗದ ಮರದ ಮಾಡು ಕಾಣದ ಹಾಗೆ ಅದರ ಅಡಿಯಲ್ಲಿ ಬಿಳಿ ಹಲಗೆಗಳ ಇನ್ನೊಂದು ಚಾವಣಿ, ಬೆವರು ಇಳಿಸುವ ಸೆಕೆ. ಮೊದಲ ವಾರವೇ ನಡುಹಗಲಲ್ಲಿ ಕರೆಂಟು ಹೋಯಿತು. ಹೊರಗೆ ಸುಡುಬಿಸಿಲು, ಒಳಗೆ ಕಗ್ಗತ್ತಲು. ಹುಡುಗರು ಕೂ ಎಂದು ಊಳಿಟ್ಟರು. ನಾನು ಸೀಮೆಸುಣ್ಣ ಹಿಡಿದು ನಿಂತಿದ್ದೆ. ಆ ಊಳು ನನಗೆ ಸಲ್ಲಬೇಕಾದದ್ದೇ ಆಗಿತ್ತು.

ಕೆಲವು ವರ್ಷಗಳ ನಂತರ ಪರೀಕ್ಷೆಯ ಕೆಲಸಕ್ಕೆ ನನ್ನನ್ನು ಕೊಚ್ಚಿಗೆ ಹಾಕಿದರು. ಖಾಲಿ ಉತ್ತರಪತ್ರಿಕೆಗಳ ಕಟ್ಟುಗಳನ್ನು ಪಡೆಯಲು ಉಗ್ರಾಣಕ್ಕೆ ಹೋದೆ. ಹಿನ್ನೀರಿನ ದಂಡೆಯ ಹಳೆಯ ಗೋದಾಮು ಅದು. ಕಿಟಕಿಯಿಲ್ಲ, ಒಂದು ಮಂಕು ಬಲ್ಬು. ಅದರಡಿ ಅವರು ಕೂತಿದ್ದರು, ತಲೆ ಪೂರ್ತಿ ನರೆತಿತ್ತು. ನನ್ನನ್ನು ಕಂಡು ಎದ್ದು ನಿಂತರು. ಆ ಗೌರವ ನನ್ನನ್ನು ಇನ್ನಷ್ಟು ಕುಗ್ಗಿಸಿತು. ಅವರ ಹೆಂಡತಿಯ ಬಗ್ಗೆ ಕೇಳಿದೆ. ನೆರೆಯವರಿಗೆ ಒಪ್ಪಿಸಿ ಬಂದಿದ್ದರಂತೆ, ವರ್ಗವಾದ ಎರಡನೆಯ ವರ್ಷ ತೀರಿಕೊಂಡರಂತೆ; ಇವರು ಊರು ಮುಟ್ಟುವಷ್ಟರಲ್ಲಿ ನೆರೆಯವರು ಎಲ್ಲ ಮುಗಿಸಿದ್ದರಂತೆ. ಕ್ಷಮಿಸಿ ಎನ್ನಬೇಕೆಂದುಕೊಂಡವನು ಕಟ್ಟುಗಳ ಲೆಕ್ಕ ಕೇಳಿದೆ.

ಅವರು ರಿಜಿಸ್ಟರ್ ಬಿಡಿಸಿ ಮುಂದಿಟ್ಟರು. ಆಮೇಲೆ ಹೋಗಿ ಗೋದಾಮಿನ ಬಾಗಿಲನ್ನು ಅರ್ಧ ಸರಿಸಿ, ಒಂದು ಗೇಣು ಹಿಂದಕ್ಕೆಳೆದು ನಿಲ್ಲಿಸಿದರು. ನಾನು ಬರೆಯಬೇಕಾದ ಸಾಲಿನ ಮೇಲೆ ಬೆಳಕು ಬಿತ್ತು.

"ವೆಳಿಚ್ಚಂ ಮದಿಯೋ ಸಾರೇ?"

ನಾನು ತಲೆಯಾಡಿಸಿ ಸಹಿ ಹಾಕಿದೆ. ಪಕ್ಕದಲ್ಲಿ ಷರಾ ಎಂಬ ಕಾಲಂ ಖಾಲಿ ಇತ್ತು. ಕಟ್ಟುಗಳನ್ನು ಬಹಳ ಅಚ್ಚುಕಟ್ಟಾಗಿ ಇಟ್ಟಿದ್ದಾರೆ ಎಂದು ಬರೆಯೋಣವೆಂದು ಪೆನ್ನು ಅತ್ತ ಸರಿಸಿದೆ. ಅವರು ಅಂಗೈಯನ್ನು ಆ ಕಾಲಂನ ಮೇಲೆ ಇಟ್ಟರು.

ವರ್ಗದ ದಿನ ಆಫೀಸಿನ ಗುಮಾಸ್ತರು ನಾನು ಬರೆದ ಎರಡು ಪುಟವನ್ನೂ ಮಲಯಾಳಕ್ಕೆ ತಿರುಗಿಸಿ ತನಗೆ ಓದಿ ಹೇಳಿದರೆಂದೂ, ತುಂಬ ಚೆನ್ನಾಗಿತ್ತೆಂದೂ ಅವರು ಮೆಲ್ಲಗೆ ಹೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಸಹಿ ಸಾಕು ಸಾರೇ. ಬೇರೇನೂ ಬರೆಯಬೇಡಿ."

ನಾನು ಪೆನ್ನು ಮುಚ್ಚಿದೆ. ಅವರು ರಿಜಿಸ್ಟರ್ ಎತ್ತಿಕೊಂಡು ಹೋಗಿ ಬಾಗಿಲನ್ನು ಮೊದಲಿನಂತೆ ಮುಚ್ಚಿದರು.