ಜಯಶೀಲಳ ಕೀಬೋರ್ಡು, ಗಿರಾಕಿಗಳ ಟಚ್‌ಸ್ಕ್ರೀನು

ಹೊನ್ನೂರಿನ ಜಯಶೀಲ ಕೊಳ್ಳೇಗಾಲದ ಪ್ರೆಸ್ಸೊಂದರಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಾಳೆ. ಗಿರಾಕಿಗಳ ಮುಖ ನೋಡಿ ಮಾತಾಡುತ್ತಿದ್ದರೂ ಅವಳ ಬೆರಳುಗಳು ಕೀಬೋರ್ಡಿನ ಮೇಲೆ ತಮ್ಮ ಪಾಡಿಗೆ ಓಡುತ್ತಿರುತ್ತವೆ. ಅದನ್ನು ನೋಡುವುದೇ ಒಂದು ಚೆಂದ.

ಕಳೆದ ವರ್ಷ ಮಾಲೀಕ ಪ್ರಭುಸ್ವಾಮಿ ಮೇಜಿನಷ್ಟು ಅಗಲದ ಟಚ್‌ಸ್ಕ್ರೀನ್ ಕಂಪ್ಯೂಟರ್ ತಂದರು. "ಇನ್ಮ್ಯಾಲೆ ಕೀಬೋರ್ಡು, ಮೌಸು ಯಾವ್ದೂ ಬ್ಯಾಡ ಕಣಮ್ಮ. ಎಲ್ಲಾನೂ ಇದ್ರಲ್ಲೇ ಮಾಡು" ಎಂದರು.

ಅವಳು ಮನಸ್ಸಿಟ್ಟೇ ಮಾಡಿದಳು. ಆದರೆ ಗಾಜಿನ ಮೇಲೆ ಬೆರಳಿಗೆ ಅಕ್ಷರದ ಗುರುತು ಸಿಗದು. ಒಂದೊಂದು ಒತ್ತಕ್ಷರಕ್ಕೂ ಬಗ್ಗಿ ನೋಡಬೇಕು. ಸಂಜೆಯ ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡಿತು. ಮರುದಿನ ಮಾಲೀಕರಿಗೆ ಹೇಳಿ ಟೈಪಿಂಗಿಗೆ ಹಳೆಯ ಕಂಪ್ಯೂಟರಿಗೇ ಮರಳಿದಳು. ಹೊಸದು ಮೂಲೆಯಲ್ಲಿ ಸುಮ್ಮನೆ ಉಳಿಯಿತು.

ಒಂದು ದಿನ ಹನೂರಿನ ಪುಟ್ಟಬಸಮ್ಮ ಮೊಮ್ಮಗಳ ಮದುವೆ ಪತ್ರಿಕೆ ಮಾಡಿಸಲು ಬಂದರು. ಜಯಶೀಲ ಮೌಸ್ ಹಿಡಿದು ಅವರ ಮನೆದೇವರು ಮಾದಪ್ಪನ ಚಿತ್ರ ಎಲ್ಲಿಟ್ಟರೂ ಅಜ್ಜಿಗೆ ಸಮಾಧಾನವಿಲ್ಲ. "ಇನ್ನೊಸಿ ಮ್ಯಾಕೆ. ಅಲ್ಲಲ್ಲ, ಈ ಕಡೀಕೆ" ಎನ್ನುತ್ತಲೇ ಇದ್ದರು.

ಜಯಶೀಲಳಿಗೆ ಏನೋ ಹೊಳೆಯಿತು. ಎದ್ದು ಹೋಗಿ ಪತ್ರಿಕೆಯನ್ನು ದೊಡ್ಡ ಪರದೆಯ ಮೇಲೆ ತೆರೆದಳು.

"ಬನ್ನಿ ಅಜ್ಜಿ, ನೀವೇ ಬೆರಳಲ್ಲಿ ತಳ್ಳಿ. ಎಲ್ ಬೇಕೋ ಅಲ್ಲಿ ಮಡಗಿ."

ಅಜ್ಜಿ ಚಿತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಮೆಲ್ಲಗೆ ತಳ್ಳಿದರು. ಹುಲಿಯೇರಿದ ಮಾದಪ್ಪ ಜಾರಿಕೊಂಡು ಹೋಗಿ ಪತ್ರಿಕೆಯ ನೆತ್ತಿಯಲ್ಲಿ ನಿಂತ.

"ಅಯ್ಯೋ, ನಾನೇ ಮಡಗ್ದೆ ಕಣವ್ವಾ!" ಎಂದು ಅಜ್ಜಿ ಮಗುವಿನಂತೆ ನಕ್ಕರು.

ಇದನ್ನು ನೋಡಿದ ಪ್ರಭುಸ್ವಾಮಿ ಮಾರನೆಯ ದಿನವೇ ಆ ಕಂಪ್ಯೂಟರನ್ನು ಬಾಗಿಲ ಹತ್ತಿರಕ್ಕೆ ತಂದು ಸುತ್ತ ಕುರ್ಚಿ ಹಾಕಿಸಿದರು. ಈಗ ಬೀಗರೆಲ್ಲ ಅದರ ಸುತ್ತ ಕೂತು ದೇವರು, ಹೂವು, ಬಣ್ಣ ಅಂತ ಜಗ್ಗಾಡುತ್ತಾರೆ. ಜಯಶೀಲ ಅವರತ್ತ ನೋಡಿ ನಗುತ್ತಲೇ ಹೆಸರುಗಳನ್ನು ಟೈಪ್ ಮಾಡುತ್ತಾಳೆ.